ಟೈಪ್ ಮಾಡಿದಂತೆಲ್ಲ ಅಕ್ಷರ ಎಣಿಸುವ ಕೌಂಟರ್: ಮೊಬೈಲ್ ಆ್ಯಪ್‌ನಲ್ಲಿ ಸರಿಯಾಗಿ ಅಳವಡಿಸುವ ಬಗೆ

ಪಠ್ಯ ಬರೆಯುವ ಪೆಟ್ಟಿಗೆಯ ಕೆಳಗೆ ‘42/200’ ಎಂದು ಓಡುವ ಪುಟ್ಟ ಸಂಖ್ಯೆಯನ್ನು ತರಿಸಲು ಹತ್ತು ನಿಮಿಷ ಸಾಕು. ಆ ಸಂಖ್ಯೆ ನಿಜವಾಗಿರುವಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಇನ್ನೂ 12 ಅಕ್ಷರ ಉಳಿದಿದೆ ಎಂದು ಕೌಂಟರ್ ಹೇಳುತ್ತಿರುತ್ತದೆ. ಕಳುಹಿಸುವ ಬಟನ್ ಒತ್ತಿದರೆ ಪಠ್ಯ ಉದ್ದವಾಯಿತೆಂದು ಸರ್ವರ್ ತಿರಸ್ಕರಿಸುತ್ತದೆ. ಬಳಸುವವರಿಗೆ ಇಂಥ ಕೌಂಟರ್‌ಗಿಂತ ಕೌಂಟರ್ ಇಲ್ಲದಿರುವುದೇ ವಾಸಿ. ಕನ್ನಡದಲ್ಲಿ ಬರೆಯುವವರಿಗೆ ಈ ಕಾಟ ಇಂಗ್ಲಿಷ್‌ನಲ್ಲಿ ಬರೆಯುವವರಿಗಿಂತ ಹೆಚ್ಚು. ಕಾಗುಣಿತ, ಒತ್ತಕ್ಷರಗಳಿರುವ ಲಿಪಿಯಲ್ಲಿ ಕಣ್ಣಿಗೆ ಕಾಣುವ ಲೆಕ್ಕ ಒಂದು, ಕಂಪ್ಯೂಟರ್ ಇಟ್ಟುಕೊಳ್ಳುವ ಲೆಕ್ಕ ಇನ್ನೊಂದು. ಆದ್ದರಿಂದ ಕೋಡ್ ಬರೆಯುವ ಮೊದಲು ಲೆಕ್ಕದ ವಿಷಯವನ್ನೇ ಇತ್ಯರ್ಥ ಮಾಡಿಕೊಳ್ಳಿ.

## ಮೊದಲ ಹೆಜ್ಜೆ: ಯಾವುದನ್ನು ‘ಒಂದು’ ಎಂದು ಎಣಿಸುತ್ತೀರಿ?

ಒಂದೇ ಪದವನ್ನು ಕನಿಷ್ಠ ಐದು ರೀತಿಯಲ್ಲಿ ಎಣಿಸಬಹುದು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಓದುವವರ ಕಣ್ಣಿಗೆ ಅದು ಮೂರು ಅಕ್ಷರ: ಕ, ನ್ನ, ಡ. ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಮಾನಕ) ಮಾತ್ರ ಅದನ್ನು ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂದು ಐದು ತುಂಡಾಗಿ ಇಡುತ್ತದೆ. ಈ ತುಂಡುಗಳೇ ಕೋಡ್ ಪಾಯಿಂಟ್‌ಗಳು. ಇವನ್ನು ಬೈಟ್‌ಗಳಾಗಿ ಬರೆದಿಡುವ ಯೂಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ 3 ಬೈಟ್ ಬೇಕು, ಹಾಗಾಗಿ ಪದಕ್ಕೆ 15 ಬೈಟ್. ಯೂಟಿಎಫ್-16ರಲ್ಲಿ ಪ್ರತಿಯೊಂದಕ್ಕೂ ಒಂದೊಂದು ಯೂನಿಟ್ (2 ಬೈಟ್‌ನ ತುಂಡು), ಒಟ್ಟು 5. ಇನ್ನು ಉಳಿದದ್ದು ಗ್ರಾಫೀಮ್ ಕ್ಲಸ್ಟರ್. ‘ಬಳಸುವವರಿಗೆ ಒಂದೆಂದು ಕಾಣುವ ಅಕ್ಷರ’ ಎಂಬ ಕಲ್ಪನೆಯನ್ನು ಯೂನಿಕೋಡ್ ನಿಯಮಗಳಾಗಿ ಬರೆದಿಟ್ಟಿರುವುದು ಹೀಗೆ. ಆ ನಿಯಮದಂತೆ ಅರ್ಧಾಕ್ಷರದ ಚಿಹ್ನೆ ಹಿಂದಿನ ವ್ಯಂಜನಕ್ಕೆ ಅಂಟಿಕೊಳ್ಳುತ್ತದೆ, ಮುಂದಿನ ವ್ಯಂಜನ ಹೊಸದಾಗಿ ಶುರುವಾಗುತ್ತದೆ: ಕ, ನ್, ನ, ಡ. ಲೆಕ್ಕ 4. ಕಣ್ಣಿನ ಮೂರಕ್ಕೂ ಇದು ಸರಿಹೋಗಲಿಲ್ಲ, ಕಂಪ್ಯೂಟರಿನ ಐದಕ್ಕೂ ಸರಿಹೋಗಲಿಲ್ಲ.

2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿ ದೇವನಾಗರಿ, ತೆಲುಗು, ಮಲಯಾಳಂ ಮೊದಲಾದ ಕೆಲವು ಲಿಪಿಗಳ ಒತ್ತಕ್ಷರವನ್ನು ಒಡೆಯದೆ ಒಂದಾಗಿ ಎಣಿಸುವ ನಿಯಮ ಸೇರಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಇದರಿಂದ ಎರಡು ಪರಿಣಾಮಗಳಿವೆ. ಹಳೆಯ ಫೋನು, ಹೊಸ ಫೋನುಗಳಲ್ಲಿ ಒಂದೇ ತೆಲುಗು ಪದಕ್ಕೆ ಬೇರೆ ಬೇರೆ ಕ್ಲಸ್ಟರ್ ಲೆಕ್ಕ ಬರಬಹುದು. ಕನ್ನಡಕ್ಕೆ ಕಣ್ಣಿನ ಲೆಕ್ಕವೇ ಬೇಕೆಂದರೆ ಮೇಲೊಂದು ಪದರವನ್ನು ನೀವೇ ಬರೆಯಬೇಕು. ಅದನ್ನು ಮುಂದೆ ನೋಡೋಣ.

ಇಮೋಜಿಯ ಕಥೆ ಬೇರೆ. ಒಂದು ನಗುಮುಖ ಎಂದರೆ ಒಂದು ಕೋಡ್ ಪಾಯಿಂಟ್, ಆದರೆ ಯೂಟಿಎಫ್-16ರಲ್ಲಿ 2 ಯೂನಿಟ್, ಯೂಟಿಎಫ್-8ರಲ್ಲಿ 4 ಬೈಟ್. ಚರ್ಮದ ಬಣ್ಣ ಆರಿಸಿದ ಹೆಬ್ಬೆರಳು 2 ಕೋಡ್ ಪಾಯಿಂಟ್, 4 ಯೂನಿಟ್, 8 ಬೈಟ್. ಅಪ್ಪ, ಅಮ್ಮ, ಇಬ್ಬರು ಮಕ್ಕಳಿರುವ ಕುಟುಂಬದ ಚಿತ್ರ ನಾಲ್ಕು ಮುಖಗಳನ್ನು ಮೂರು ಅದೃಶ್ಯ ಜೋಡಣೆ ಅಕ್ಷರಗಳಿಂದ ಹೊಲಿದದ್ದು: 7 ಕೋಡ್ ಪಾಯಿಂಟ್, 11 ಯೂನಿಟ್, 25 ಬೈಟ್. ಕಣ್ಣಿಗೆ ಮಾತ್ರ ಒಂದೇ. ಆ ಒಂದು ಚಿತ್ರ ಒತ್ತಿದಾಗ ನಿಮ್ಮ ಕೌಂಟರ್ 11 ಏರಿದರೆ ಬಳಸುವವರು ಕೌಂಟರೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹಾಗೆಂದುಕೊಂಡರೆ ಅದು ಅವರ ತಪ್ಪಲ್ಲ.

## ಎರಡನೆಯ ಹೆಜ್ಜೆ: ಸರ್ವರ್ ಏನು ಎಣಿಸುತ್ತಿದೆ ಎಂದು ತಿಳಿದುಕೊಳ್ಳಿ

ಮಿತಿ ಎಲ್ಲಿಂದ ಬಂತು ಎಂದು ಮೊದಲು ಕೇಳಿ. ಪರದೆಯ ವಿನ್ಯಾಸಕ್ಕಾಗಿ ಬಂದ ಮಿತಿಯಾದರೆ ನೀವು ಮೆಚ್ಚಿದ ಲೆಕ್ಕ ಇಟ್ಟುಕೊಳ್ಳಬಹುದು. ಡೇಟಾಬೇಸ್ ಕಾಲಮ್ಮಿನಿಂದ ಬಂದಿದ್ದರೆ ಅಲ್ಲಿನ ಲೆಕ್ಕವೇ ನಿಮ್ಮ ಲೆಕ್ಕ.

ಪ್ರೋಗ್ರಾಮಿಂಗ್ ಭಾಷೆಗೊಂದು ರೂಢಿ ಇದೆ. ಜಾವಾ, ಕಾಟ್ಲಿನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಪಠ್ಯದ ‘ಲೆಂತ್’ ಯೂಟಿಎಫ್-16 ಯೂನಿಟ್ ಲೆಕ್ಕ. ಪೈಥಾನ್ 3ರ ‘ಲೆನ್’ ಮತ್ತು ರೂಬಿಯ ‘ಲೆಂತ್’ ಕೋಡ್ ಪಾಯಿಂಟ್ ಎಣಿಸುತ್ತವೆ. ಗೋ ಭಾಷೆಯ ‘ಲೆನ್’ ಮತ್ತು ಪಿಎಚ್‌ಪಿಯ ‘ಸ್ಟರ್‌ಲೆನ್’ ಬೈಟ್ ಎಣಿಸುತ್ತವೆ. ಕೋಡ್ ಪಾಯಿಂಟ್ ಬೇಕಾದರೆ ಗೋದಲ್ಲಿ ‘ರೂನ್‌ಕೌಂಟ್‌ಇನ್‌ಸ್ಟ್ರಿಂಗ್’, ಪಿಎಚ್‌ಪಿಯಲ್ಲಿ ‘ಎಂಬಿ_ಸ್ಟರ್‌ಲೆನ್’ ಇದೆ. ಸ್ವಿಫ್ಟ್‌ನ ‘ಕೌಂಟ್’ ಗ್ರಾಫೀಮ್ ಕ್ಲಸ್ಟರ್ ಎಣಿಸುತ್ತದೆ. ಐಫೋನಿನಲ್ಲಿ ‘ಕೌಂಟ್’, ಸರ್ವರಿನಲ್ಲಿ ಪಿಎಚ್‌ಪಿಯ ‘ಸ್ಟರ್‌ಲೆನ್’ ಇಟ್ಟುಕೊಂಡರೆ ‘ಕನ್ನಡ’ ಪದಕ್ಕೆ ಒಂದು ಕಡೆ 4, ಇನ್ನೊಂದು ಕಡೆ 15. ಇಂಗ್ಲಿಷ್ ಪದಗಳಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಗೊತ್ತಾಗುವುದೇ ಇಲ್ಲ, ಅಲ್ಲಿ ಐದೂ ಲೆಕ್ಕ ಒಂದೇ ಬರುತ್ತದೆ.

ಡೇಟಾಬೇಸ್‌ಗಳದ್ದೂ ಹೀಗೇ. ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್‌ಗಳಲ್ಲಿ ‘ವಾರ್‌ಚಾರ್ 200’ ಎಂದರೆ 200 ಕೋಡ್ ಪಾಯಿಂಟ್. ಒರಾಕಲ್‌ನಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ ಅದು 200 ಬೈಟ್, ಅಂದರೆ ಕನ್ನಡದ 66 ಕೋಡ್ ಪಾಯಿಂಟ್ ಮಾತ್ರ. ಮೈಎಸ್‌ಕ್ಯೂಎಲ್‌ನ ಹಳೆಯ ‘ಯೂಟಿಎಫ್8’ ಕಾಲಮ್ ಒಂದು ಅಕ್ಷರಕ್ಕೆ 3 ಬೈಟಿಗಿಂತ ಹೆಚ್ಚು ಹಿಡಿಯುವುದಿಲ್ಲ. ಕನ್ನಡ ಹಿಡಿಸುತ್ತದೆ, ಇಮೋಜಿ ಹಿಡಿಸುವುದಿಲ್ಲ. ಇಮೋಜಿ ಬರೆದಾಗ ಮಾತ್ರ ಉಳಿಸುವುದು ವಿಫಲವಾಗುತ್ತಿದ್ದರೆ ಕೌಂಟರ್ ತಡಕಬೇಡಿ, ಕಾಲಮ್ಮನ್ನು ‘ಯೂಟಿಎಫ್8ಎಂಬಿ4’ಗೆ ಬದಲಿಸಿ.

ಎಲ್ಲವೂ ನಿಮ್ಮ ಕೈಯಲ್ಲೇ ಇದ್ದರೆ ನಮ್ಮ ಸಲಹೆ ಕೋಡ್ ಪಾಯಿಂಟ್. ಯೂನಿಕೋಡ್ ಆವೃತ್ತಿ ಬದಲಾದರೂ ಆ ಲೆಕ್ಕ ಬದಲಾಗುವುದಿಲ್ಲ, ಎಲ್ಲ ಭಾಷೆಗಳಲ್ಲೂ ಒಂದು ಸಾಲಿನಲ್ಲಿ ಸಿಗುತ್ತದೆ, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡಕ್ಕೂ ಹೊಂದುತ್ತದೆ. ಕುಟುಂಬದ ಇಮೋಜಿ 7 ಏರಿಸುತ್ತದೆ, ನಿಜ, ಅದನ್ನು ಸಹಿಸಿಕೊಳ್ಳಬಹುದು. ಕ್ಲಸ್ಟರ್ ಲೆಕ್ಕ ಬಳಸುವವರಿಗೆ ಹೆಚ್ಚು ಹಿತ, ಆದರೆ ಒಂದು ಕ್ಲಸ್ಟರಿಗೆ ಎಷ್ಟು ಬೇಕಾದರೂ ಚಿಹ್ನೆ ಪೋಣಿಸಬಹುದಾದ್ದರಿಂದ ಸರ್ವರಿನಲ್ಲಿ ಬೈಟ್ ಮಿತಿಯನ್ನೂ ಜೊತೆಗೆ ಹಾಕಬೇಕಾಗುತ್ತದೆ.

ಎಣಿಸುವ ಮೊದಲು ಎರಡೂ ಕಡೆ ಪಠ್ಯವನ್ನು ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಕೂಡಿಸಿ ಬರೆಯುವ ಯೂನಿಕೋಡ್ ಪದ್ಧತಿ) ರೂಪಕ್ಕೆ ತನ್ನಿ. ‘ಕೋ’ ಸಾಮಾನ್ಯವಾಗಿ ಎರಡು ಕೋಡ್ ಪಾಯಿಂಟ್: ಕ, ೋ. ಅದೇ ‘ಕೋ’ ಬಿಡಿಸಿದ ರೂಪದಲ್ಲಿ ಕ, ೆ, ೂ, ೕ ಎಂದು ನಾಲ್ಕಾಗಿಯೂ ಬರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಪಠ್ಯಕ್ಕೆ ಲೆಕ್ಕ ವಿಚಿತ್ರವಾಗಿ ಏರಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಸಾಲು ಮುರಿತವನ್ನೂ ಒಂದೇ ರೂಪಕ್ಕೆ ತನ್ನಿ. ಕೆಲವು ಕಡೆಯಿಂದ ಬಂದ ಪಠ್ಯದಲ್ಲಿ ಪ್ರತಿ ಎಂಟರ್‌ಗೆ ಎರಡು ಅಕ್ಷರ ಇರುತ್ತವೆ, ಹತ್ತು ಸಾಲಿನ ಪತ್ರಕ್ಕೆ ಹತ್ತು ಲೆಕ್ಕ ಅಲ್ಲೇ ಹೆಚ್ಚಾಗುತ್ತದೆ.

ಹಿಂದೆ ಮುಂದೆ ಇರುವ ಖಾಲಿ ಜಾಗವನ್ನು ಸರ್ವರ್ ಕತ್ತರಿಸುವುದಾದರೆ ಗರಿಷ್ಠ ಮಿತಿಯ ಕೌಂಟರಿನಲ್ಲಿ ಅದನ್ನು ಕತ್ತರಿಸಬೇಡಿ. ಸ್ಪೇಸ್ ಒತ್ತಿದಾಗ ಸಂಖ್ಯೆ ಅಲುಗಾಡದಿದ್ದರೆ ಗೊಂದಲ. ಕತ್ತರಿಸದ ಲೆಕ್ಕ ಒಂದೆರಡು ಹೆಚ್ಚು ತೋರಿಸಬಹುದು, ಅದರಿಂದ ಹಾನಿಯಿಲ್ಲ. ಕನಿಷ್ಠ 20 ಅಕ್ಷರ ಬೇಕು ಎಂಬಂಥ ನಿಯಮವಿದ್ದರೆ ಮಾತ್ರ ಕತ್ತರಿಸಿ ಎಣಿಸಿ, ಇಲ್ಲದಿದ್ದರೆ 20 ಸ್ಪೇಸ್ ಒತ್ತಿದವರೂ ದಾಟಿಬಿಡುತ್ತಾರೆ.

## ಮೂರನೆಯ ಹೆಜ್ಜೆ: ಎಲ್ಲಿ, ಯಾವಾಗ, ಹೇಗೆ ತೋರಿಸುವುದು

ಜಾಗ: ಪೆಟ್ಟಿಗೆಯ ಕೆಳಗೆ, ಸಾಲು ಮುಗಿಯುವ ತುದಿಯಲ್ಲಿ. ಆ ಸಾಲಿಗೆ ಮೊದಲೇ ಎತ್ತರ ಕೊಟ್ಟಿಡಿ; ಕೌಂಟರ್ ನಡುವೆ ಕಾಣಿಸಿಕೊಂಡಾಗ ಕೆಳಗಿನ ಬಟನ್ ಜಿಗಿಯಬಾರದು. ಕೀಬೋರ್ಡ್ ಮೇಲೆ ಬಂದಾಗ ಕೌಂಟರ್ ಅದರ ಹಿಂದೆ ಅಡಗದಂತೆ ಸ್ಕ್ರಾಲ್ ಆಗುತ್ತದೆಯೇ ನೋಡಿ. ಇದು ಬಹಳ ಆ್ಯಪ್‌ಗಳಲ್ಲಿ ತಪ್ಪುತ್ತದೆ. ಪೆಟ್ಟಿಗೆ ಮಾತ್ರ ಕಾಣುವಷ್ಟು ಪರದೆ ಮೇಲೇಳುತ್ತದೆ, ಕೆಳಗಿನ ಸಾಲು ಮುಚ್ಚಿಹೋಗುತ್ತದೆ.

ಚಿಕ್ಕ ಮಿತಿಗಳಿಗೆ, ಅಂದರೆ ಹೆಸರು, ಶೀರ್ಷಿಕೆ, 30ರಿಂದ 100ರೊಳಗಿನವಕ್ಕೆ ಕೌಂಟರ್ ಸದಾ ಇರಲಿ. 2000 ಅಕ್ಷರದ ಅಭಿಪ್ರಾಯ ಪೆಟ್ಟಿಗೆಯಲ್ಲಿ ಮೊದಲಿನಿಂದಲೂ ಓಡುವ ಸಂಖ್ಯೆ ಕಣ್ಣಿಗೆ ಕಿರಿಕಿರಿ. ಮಿತಿಯ ಕೊನೆಯ ಐದನೇ ಒಂದು ಭಾಗ ಬಂದಾಗ ತೋರಿಸಿದರೆ ಸಾಕು. ಪಾಸ್‌ವರ್ಡ್, ಓಟಿಪಿ, ಫೋನ್ ಸಂಖ್ಯೆಗಳಿಗೆ ಕೌಂಟರ್ ಬೇಡವೇ ಬೇಡ.

‘42/200’ ಎಂಬ ಬರಹವನ್ನು ಕೋಡಿನಲ್ಲಿ ತುಂಡು ತುಂಡಾಗಿ ಕೂಡಿಸಬೇಡಿ, ಅನುವಾದದ ಫೈಲಿನಲ್ಲಿ ಒಂದು ಮಾದರಿಯಾಗಿ ಇಡಿ. ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಲ್ಲಿ ಎರಡು ಸಂಖ್ಯೆಗಳು ಅದಲುಬದಲಾಗಿ ಕಾಣುವ ತೊಂದರೆ ಆಗ ಸರಿಪಡಿಸಲು ಸುಲಭ. ಕನ್ನಡ ಅಂಕಿ ಬೇಕಾದವರು ನೆನಪಿಡಿ: ಕನ್ನಡ ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ಕೊಟ್ಟ ಮಾತ್ರಕ್ಕೆ ೪೨ ಬರುವುದಿಲ್ಲ, 42 ಎಂದೇ ಬರುತ್ತದೆ. ಲೊಕೇಲ್ ಹೆಸರಿನಲ್ಲೇ ಕನ್ನಡ ಅಂಕಿ ಪದ್ಧತಿಯನ್ನು ಬೇರೆಯಾಗಿ ಸೂಚಿಸಬೇಕು.

ಅಂಕಿಗಳ ಅಗಲ ಬೇರೆ ಬೇರೆ ಇರುವ ಫಾಂಟ್‌ಗಳಲ್ಲಿ 1 ಬಂದಾಗ ಕೌಂಟರ್ ಕುಗ್ಗುತ್ತದೆ, 8 ಬಂದಾಗ ಹಿಗ್ಗುತ್ತದೆ. ಪ್ರತಿ ಕೀಗೂ ನಡುಗಿದಂತೆ ಕಾಣುತ್ತದೆ. ಎಲ್ಲ ಅಂಕಿಗೂ ಸಮ ಅಗಲ ಕೊಡುವ ಸೌಲಭ್ಯ ಎಲ್ಲ ಕಡೆ ಇದೆ: ಸ್ವಿಫ್ಟ್‌ಯುಐನಲ್ಲಿ ‘ಮೋನೋಸ್ಪೇಸ್ಡ್‌ಡಿಜಿಟ್’, ಆಂಡ್ರಾಯ್ಡ್‌ನಲ್ಲಿ ಫಾಂಟ್ ಫೀಚರ್ ಸೆಟ್ಟಿಂಗ್‌ನ ‘ಟಿನಮ್’. ಒಂದು ಸಾಲಿನ ಕೆಲಸ, ಫಲ ತಕ್ಷಣ ಕಾಣುತ್ತದೆ.

## ನಾಲ್ಕನೆಯ ಹೆಜ್ಜೆ: ಕೋಡ್

ಆಂಡ್ರಾಯ್ಡ್, ಎಕ್ಸ್‌ಎಂಎಲ್ ವಿನ್ಯಾಸದಲ್ಲಿ: ಮೆಟೀರಿಯಲ್ ಲೈಬ್ರರಿಯ ‘ಟೆಕ್ಸ್ಟ್‌ಇನ್‌ಪುಟ್‌ಲೇಔಟ್’ ಒಳಗೆ ‘ಟೆಕ್ಸ್ಟ್‌ಇನ್‌ಪುಟ್‌ಎಡಿಟ್‌ಟೆಕ್ಸ್ಟ್’ ಇಡಿ. ಹೊರಗಿನದಕ್ಕೆ ‘ಕೌಂಟರ್‌ಎನೇಬಲ್ಡ್’ ನಿಜ ಎಂದೂ ‘ಕೌಂಟರ್‌ಮ್ಯಾಕ್ಸ್‌ಲೆಂತ್’ 200 ಎಂದೂ ಕೊಟ್ಟರೆ ಕೌಂಟರ್ ತಾನಾಗಿ ಬರುತ್ತದೆ. ಹಲವರು ಎಡವುವುದು ಇಲ್ಲಿ: ‘ಕೌಂಟರ್‌ಮ್ಯಾಕ್ಸ್‌ಲೆಂತ್’ ಟೈಪ್ ಮಾಡುವುದನ್ನು ತಡೆಯುವುದಿಲ್ಲ, ಮಿತಿ ಮೀರಿದಾಗ ಬಣ್ಣವನ್ನಷ್ಟೇ ಬದಲಿಸುತ್ತದೆ. ತಡೆಯಬೇಕಾದರೆ ಒಳಗಿನ ಪೆಟ್ಟಿಗೆಗೆ ‘ಮ್ಯಾಕ್ಸ್‌ಲೆಂತ್’ ಬೇರೆಯಾಗಿ ಕೊಡಬೇಕು. ಎರಡೂ ಯೂಟಿಎಫ್-16 ಯೂನಿಟ್ ಲೆಕ್ಕವನ್ನೇ ಹಿಡಿಯುತ್ತವೆ. ಬೇರೆ ಲೆಕ್ಕ ಬೇಕಿದ್ದರೆ ಲೈಬ್ರರಿಯ ಈಚಿನ ಆವೃತ್ತಿಗಳಲ್ಲಿರುವ ‘ಸೆಟ್‌ಲೆಂತ್‌ಕೌಂಟರ್’ ಬಳಸಿ, ಅದರೊಳಗೆ ‘ಕೋಡ್‌ಪಾಯಿಂಟ್‌ಕೌಂಟ್’ ಕರೆದು ಬಂದ ಸಂಖ್ಯೆ ಹಿಂದಿರುಗಿಸಿ.

ಕೌಂಟರನ್ನು ನೀವೇ ಬರೆಯುವುದಾದರೆ ‘ಟೆಕ್ಸ್ಟ್‌ವಾಚರ್’ ಬೇಕು. ಅದರ ಮೂರು ಕರೆಗಳಲ್ಲಿ ‘ಆಫ್ಟರ್‌ಟೆಕ್ಸ್ಟ್‌ಚೇಂಜ್ಡ್’ ಒಂದನ್ನೇ ಬಳಸಿ, ಪಠ್ಯವನ್ನು ಪೂರ್ತಿಯಾಗಿ ಎಣಿಸಿ. ‘ಆನ್‌ಟೆಕ್ಸ್ಟ್‌ಚೇಂಜ್ಡ್’ ಕೊಡುವ ‘ಕೌಂಟ್’ ಎಂಬ ಸಂಖ್ಯೆ ಒಟ್ಟು ಉದ್ದವಲ್ಲ, ಈಗ ಬದಲಾದ ತುಂಡಿನ ಉದ್ದ. ಅದನ್ನೇ ಹಾಕಿದರೆ ಕೌಂಟರ್ 1, 1, 1 ಎಂದೋ ಪದದ ಉದ್ದವೆಂದೋ ಅಡ್ಡಾದಿಡ್ಡಿ ಓಡುತ್ತದೆ. ವಾಚರ್ ಒಳಗಿಂದ ಅದೇ ಪೆಟ್ಟಿಗೆಯ ಪಠ್ಯ ಬದಲಿಸಿದರೆ ವಾಚರ್ ಮತ್ತೆ ಕರೆಯಲ್ಪಟ್ಟು ಸುತ್ತು ನಿಲ್ಲುವುದಿಲ್ಲ. ಪಟ್ಟಿಯ ಸಾಲುಗಳಲ್ಲಿ ಪೆಟ್ಟಿಗೆಗಳಿದ್ದರೆ ಇನ್ನೊಂದು ಅಪಾಯ: ‘ರಿಸೈಕ್ಲರ್‌ವ್ಯೂ’ ಹಳೆಯ ಸಾಲನ್ನೇ ಮತ್ತೆ ಬಳಸುತ್ತದೆ, ಪ್ರತಿ ಸಲ ಹೊಸ ವಾಚರ್ ಸೇರಿಸುತ್ತ ಹೋದರೆ ಮೂರನೇ ಸಾಲಿನಲ್ಲಿ ಬರೆದದ್ದಕ್ಕೆ ಹನ್ನೊಂದನೇ ಸಾಲಿನ ದತ್ತಾಂಶವೂ ಬದಲಾಗುತ್ತದೆ. ಹೊಸದನ್ನು ಸೇರಿಸುವ ಮೊದಲು ಹಳೆಯದನ್ನು ತೆಗೆಯಿರಿ.

ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಕೌಂಟರಿಗೆ ‘ಸಪೋರ್ಟಿಂಗ್‌ಟೆಕ್ಸ್ಟ್’ ಜಾಗ ಸಿದ್ಧವಾಗಿದೆ. ಪಠ್ಯವನ್ನು ‘ರಿಮೆಂಬರ್‌ಸೇವಬಲ್’ ಒಳಗಿಡಿ, ಲೆಕ್ಕವನ್ನು ಬೇರೆ ಸ್ಥಿತಿಯಾಗಿ ಇಡಲೇಬೇಡಿ. ಪಠ್ಯದಿಂದಲೇ ಪ್ರತಿ ಸಲ ಎಣಿಸಿ. ಫೋನು ಅಡ್ಡ ತಿರುಗಿಸಿದಾಗ ಪಠ್ಯ ಉಳಿದು ಕೌಂಟರ್ ಮಾತ್ರ 0 ಆಗುವ ದೋಷ ಲೆಕ್ಕವನ್ನು ಬೇರೆ ಇಟ್ಟವರಿಗೆ ಮಾತ್ರ ಬರುತ್ತದೆ. ಹೊಸ ಸ್ಥಿತಿ ಆಧಾರಿತ ಪೆಟ್ಟಿಗೆಯಲ್ಲಿ ‘ಇನ್‌ಪುಟ್‌ಟ್ರಾನ್ಸ್‌ಫಾರ್ಮೇಶನ್’ನ ‘ಮ್ಯಾಕ್ಸ್‌ಲೆಂತ್’ ಇದೆ, ಆದರೆ ಅದು ಮಿತಿ ಮೀರುವ ಬದಲಾವಣೆಯನ್ನು ಇಡಿಯಾಗಿ ರದ್ದು ಮಾಡುತ್ತದೆ. ಉದ್ದದ ಪಠ್ಯ ಅಂಟಿಸಿದವರಿಗೆ ಏನೂ ಆಗಲಿಲ್ಲವೆಂದು ಕಾಣುತ್ತದೆ. ಅದನ್ನು ಬಳಸುವುದಾದರೆ ಕಾರಣ ಹೇಳುವ ಒಂದು ಸಾಲನ್ನೂ ತೋರಿಸಿ.

ಐಫೋನಿನ ಯುಐಕಿಟ್‌ನಲ್ಲಿ ಒಂದು ಸಾಲಿನ ಪೆಟ್ಟಿಗೆಗೆ ‘ಎಡಿಟಿಂಗ್‌ಚೇಂಜ್ಡ್’ ಘಟನೆ, ಹಲವು ಸಾಲಿನದಕ್ಕೆ ‘ಟೆಕ್ಸ್ಟ್‌ವ್ಯೂಡಿಡ್‌ಚೇಂಜ್’ ಹಿಡಿಯಿರಿ. ಲೆಕ್ಕಕ್ಕೆ ‘ಶುಡ್‌ಚೇಂಜ್‌ಕ್ಯಾರೆಕ್ಟರ್ಸ್‌ಇನ್’ ಎಂಬ ಡೆಲಿಗೇಟ್ ಬಳಸಬೇಡಿ. ಅದು ಬದಲಾವಣೆಗೆ ಮುಂಚೆ ಬರುವ ಪ್ರಶ್ನೆ, ಆಗ ಪೆಟ್ಟಿಗೆಯಲ್ಲಿರುವುದು ಹಳೆಯ ಪಠ್ಯ. ಕೌಂಟರ್ ಯಾವಾಗಲೂ ಒಂದು ಹೆಜ್ಜೆ ಹಿಂದಿರುತ್ತದೆ. ಮಿತಿ ತಡೆಯಲು ಅದು ಬೇಕಾದರೆ ಅಲ್ಲಿ ಬರುವ ವ್ಯಾಪ್ತಿ ಯೂಟಿಎಫ್-16 ಯೂನಿಟ್‌ಗಳಲ್ಲಿದೆ ಎಂಬುದನ್ನು ಮರೆಯಬೇಡಿ, ‘ಕೌಂಟ್’ ಜೊತೆ ಬೆರೆಸಿದರೆ ಇಮೋಜಿ ಬಂದ ಕೂಡಲೇ ಲೆಕ್ಕ ಜಾರುತ್ತದೆ. ಅಂಟಿಸಿದ ಪಠ್ಯವನ್ನು ನೀವು ಕತ್ತರಿಸಿದ ಮೇಲೆ ಬಳಸುವವರು ಫೋನು ಅಲ್ಲಾಡಿಸಿ ಹಿಂತೆಗೆದುಕೊಂಡರೆ ವ್ಯಾಪ್ತಿ ಪಠ್ಯದ ಹೊರಗೆ ಬಿದ್ದು ಆ್ಯಪ್ ಮುಚ್ಚಿಹೋಗುವುದೂ ಉಂಟು. ಆರಂಭ ಮತ್ತು ಉದ್ದ ಕೂಡಿದರೆ ಪಠ್ಯದ ಉದ್ದ ಮೀರುತ್ತದೆಯೇ ಎಂದು ಮೊದಲೇ ನೋಡಿ.

ಸ್ವಿಫ್ಟ್‌ಯುಐನಲ್ಲಿ ಪೆಟ್ಟಿಗೆಗೆ ಕಟ್ಟಿದ ಪಠ್ಯವನ್ನೇ ಕೆಳಗಿನ ‘ಟೆಕ್ಸ್ಟ್’ನಲ್ಲಿ ಎಣಿಸಿದರೆ ಮುಗಿಯಿತು. ಯಾವ ಲೆಕ್ಕ ಬೇಕೋ ಅದು ಹೆಸರಿನಲ್ಲೇ ಇದೆ: ಕ್ಲಸ್ಟರಿಗೆ ‘ಕೌಂಟ್’, ಕೋಡ್ ಪಾಯಿಂಟ್‌ಗೆ ‘ಯೂನಿಕೋಡ್‌ಸ್ಕೇಲರ್ಸ್’, ಉಳಿದೆರಡಕ್ಕೆ ‘ಯೂಟಿಎಫ್16’ ಮತ್ತು ‘ಯೂಟಿಎಫ್8’, ಇವುಗಳ ಮೇಲೆ ಮತ್ತೆ ‘ಕೌಂಟ್’.

ಫ್ಲಟರ್‌ನಲ್ಲಿ ‘ಟೆಕ್ಸ್ಟ್‌ಫೀಲ್ಡ್’ಗೆ ‘ಮ್ಯಾಕ್ಸ್‌ಲೆಂತ್’ ಕೊಟ್ಟ ಕೂಡಲೇ ಕೌಂಟರ್ ಬರುತ್ತದೆ, ಮಿತಿಯ ತಡೆಯೂ ಜೊತೆಗೆ ಬರುತ್ತದೆ. ತಡೆ ಬೇಡವಾದರೆ ‘ಮ್ಯಾಕ್ಸ್‌ಲೆಂತ್‌ಎನ್‌ಫೋರ್ಸ್‌ಮೆಂಟ್’ ಅನ್ನು ‘ನನ್’ ಮಾಡಿ. ಎಣಿಕೆಯಷ್ಟೇ ಸಾಕು, ಮಿತಿ ಇಲ್ಲ ಎನ್ನುವವರು ‘ನೋಮ್ಯಾಕ್ಸ್‌ಲೆಂತ್’ ಕೊಡಿ. ಇಲ್ಲಿನ ಲೆಕ್ಕ ಗ್ರಾಫೀಮ್ ಕ್ಲಸ್ಟರ್. ಸರ್ವರ್ ಕೋಡ್ ಪಾಯಿಂಟ್ ಎಣಿಸುವುದಾದರೆ ‘ಬಿಲ್ಡ್‌ಕೌಂಟರ್’ ಬರೆದು ಅದು ಕೊಡುವ ‘ಕರೆಂಟ್‌ಲೆಂತ್’ ಬಿಟ್ಟುಬಿಡಿ, ಕಂಟ್ರೋಲರ್‌ನ ಪಠ್ಯದ ‘ರೂನ್ಸ್’ ಎಣಿಸಿ. ಕೌಂಟರ್ ನೀವೇ ಬರೆದರೆ ‘ವ್ಯಾಲ್ಯೂಲಿಸನಬಲ್‌ಬಿಲ್ಡರ್’ ಒಳಗೆ ಆ ಸಂಖ್ಯೆಯನ್ನು ಮಾತ್ರ ಸುತ್ತಿ. ಇಡೀ ಪರದೆಗೆ ‘ಸೆಟ್‌ಸ್ಟೇಟ್’ ಮಾಡಿದರೆ ಹಳೆಯ ಫೋನುಗಳಲ್ಲಿ ಕೀಬೋರ್ಡ್ ತಡವರಿಸುತ್ತದೆ.

ರಿಯಾಕ್ಟ್ ನೇಟಿವ್‌ನಲ್ಲಿ ‘ಆನ್‌ಚೇಂಜ್‌ಟೆಕ್ಸ್ಟ್’ನಿಂದ ಪಠ್ಯವನ್ನು ಸ್ಥಿತಿಗೆ ಹಾಕಿ, ಅದರಿಂದ ಲೆಕ್ಕ ತೆಗೆಯಿರಿ. ಕೋಡ್ ಪಾಯಿಂಟ್ ಲೆಕ್ಕಕ್ಕೆ ‘ಅರೇ.ಫ್ರಮ್’ ಮಾಡಿ ಅದರ ‘ಲೆಂತ್’ ತೆಗೆದರೆ ಆಯಿತು.

ಎಲ್ಲ ಕಡೆಗೂ ಸಲ್ಲುವ ಒಂದು ಎಚ್ಚರಿಕೆ ಇದೆ. ಕರಡು ತೆರೆದಾಗ ಪೆಟ್ಟಿಗೆಯಲ್ಲಿ 80 ಅಕ್ಷರ ಇದ್ದರೂ ಕೌಂಟರ್ 0 ತೋರಿಸುವುದು ತೀರ ಸಾಮಾನ್ಯ ದೋಷ. ಐಫೋನಿನಲ್ಲಿ ಕೋಡಿನಿಂದ ಪಠ್ಯ ಹಾಕಿದರೆ ‘ಎಡಿಟಿಂಗ್‌ಚೇಂಜ್ಡ್’ ಆಗಲಿ ‘ಟೆಕ್ಸ್ಟ್‌ವ್ಯೂಡಿಡ್‌ಚೇಂಜ್’ ಆಗಲಿ ಬರುವುದಿಲ್ಲ. ಫ್ಲಟರ್‌ನ ‘ಆನ್‌ಚೇಂಜ್ಡ್’ ಕೂಡ ಬರುವುದಿಲ್ಲ. ಎಣಿಸುವ ಕೆಲಸವನ್ನು ಒಂದು ಫಂಕ್ಷನ್ ಮಾಡಿಟ್ಟು ಪರದೆ ತೆರೆದಾಗ ಒಮ್ಮೆ, ಕೋಡಿನಿಂದ ಪಠ್ಯ ತುಂಬಿದಾಗೊಮ್ಮೆ, ಕಳುಹಿಸಿ ಖಾಲಿ ಮಾಡಿದಾಗೊಮ್ಮೆ ಕರೆಯಿರಿ.

## ಮಿತಿ ದಾಟಿದಾಗ ಏನು ಮಾಡುವುದು

ಎರಡು ದಾರಿಗಳಿವೆ: ಮಿತಿ ಬಂದ ಕೂಡಲೇ ಟೈಪಿಂಗ್ ನಿಲ್ಲಿಸುವುದು, ಇಲ್ಲವೇ ಬರೆಯಲು ಬಿಟ್ಟು ‘15 ಹೆಚ್ಚಾಗಿದೆ’ ಎಂದು ತೋರಿಸುವುದು. ಒಂದು ವಾಕ್ಯಕ್ಕಿಂತ ಉದ್ದ ಬರೆಸುವ ಕಡೆ ಎರಡನೆಯದೇ ಸರಿ. ಬರೆಯುವವರು ಮೊದಲು ಹೇಳಬೇಕಾದದ್ದನ್ನು ಹೇಳಿ ಮುಗಿಸುತ್ತಾರೆ, ಆಮೇಲೆ ಕತ್ತರಿಸುತ್ತಾರೆ. ನಡುವೆ ಬಾಗಿಲು ಮುಚ್ಚಿದರೆ ಯೋಚನೆ ಅರ್ಧಕ್ಕೆ ನಿಲ್ಲುತ್ತದೆ. ಅಂಟಿಸುವಾಗ ತಡೆ ಇನ್ನೂ ಕೆಟ್ಟದ್ದು: 300 ಅಕ್ಷರ ಅಂಟಿಸಿದರೆ 200 ಮಾತ್ರ ಉಳಿದು ಬಾಲ ಸದ್ದಿಲ್ಲದೆ ಹೋಗುತ್ತದೆ, ಎಷ್ಟೋ ಜನ ಅದನ್ನು ಗಮನಿಸದೆ ಕಳುಹಿಸಿಬಿಡುತ್ತಾರೆ.

ಕತ್ತರಿಸಲೇಬೇಕಾದರೆ ಕ್ಲಸ್ಟರಿನ ಗಡಿಯಲ್ಲಿ ಕತ್ತರಿಸಿ. ಯೂಟಿಎಫ್-16 ಯೂನಿಟ್ ನಡುವೆ ಕತ್ತರಿ ಬಿದ್ದರೆ ಇಮೋಜಿ ಅರ್ಧವಾಗಿ ಪ್ರಶ್ನಾರ್ಥಕ ಚಿಹ್ನೆಯ ಚೌಕವೋ ವಜ್ರವೋ ಉಳಿಯುತ್ತದೆ. ಕನ್ನಡದಲ್ಲಿ ಕೆಡುವುದು ಅರ್ಥ. ‘ಸ್ತ್ರೀ’ ಎಂಬುದು ಆರು ಕೋಡ್ ಪಾಯಿಂಟ್. ನಾಲ್ಕರ ನಂತರ ಕತ್ತರಿಸಿದರೆ ‘ಸ್ತ್’ ಉಳಿಯುತ್ತದೆ. ಕ್ಲಸ್ಟರ್ ಗಡಿಯೂ ಅಲ್ಲೇ ಇರುವುದರಿಂದ ಬರಿಯ ಕ್ಲಸ್ಟರ್ ನಿಯಮ ಇದನ್ನು ಕಾಪಾಡದು. ತುದಿಯಲ್ಲಿ ಅರ್ಧಾಕ್ಷರದ ಚಿಹ್ನೆ ಉಳಿದು ಮುಂದೆ ವ್ಯಂಜನವಿತ್ತೆಂದಾದರೆ ಆ ಒತ್ತಕ್ಷರದ ಆರಂಭದವರೆಗೆ ಹಿಂದೆ ಸರಿದು ಕತ್ತರಿಸಿ.

ಮಿತಿ ಮೀರಿದ್ದನ್ನು ಕೆಂಪು ಬಣ್ಣ ಒಂದರಿಂದಲೇ ಹೇಳಬೇಡಿ. ಬಣ್ಣ ಗುರುತಿಸಲಾಗದವರಿಗೆ ಅದು ಕಾಣುವುದಿಲ್ಲ. ‘200ಕ್ಕಿಂತ 15 ಹೆಚ್ಚಾಗಿದೆ’ ಎಂಬ ಬರಹವನ್ನೂ ಹಾಕಿ. ಬೂದು ಬಣ್ಣದ ಸಣ್ಣ ಕೌಂಟರ್ ಹಿನ್ನೆಲೆಯೊಡನೆ 4.5:1 ಅನುಪಾತದ ವ್ಯತ್ಯಾಸವನ್ನಾದರೂ ಹೊಂದಿರಲಿ, ಡಾರ್ಕ್ ಮೋಡ್‌ನಲ್ಲೂ ಅಳೆದು ನೋಡಿ.

## ಕೀಬೋರ್ಡ್ ಇನ್ನೂ ಪದ ಕಟ್ಟುತ್ತಿರುವಾಗ

ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕೀಬೋರ್ಡ್‌ಗಳಲ್ಲಿ ‘ನಮಸ್ಕಾರ’ಕ್ಕೆ ಒಂಬತ್ತು ಇಂಗ್ಲಿಷ್ ಅಕ್ಷರ ಒತ್ತುವವರಿದ್ದಾರೆ. ಸಲಹೆ ಆರಿಸುವ ತನಕ ಆ ಒಂಬತ್ತೂ ಅಡಿಗೆರೆಯೊಂದಿಗೆ ಪೆಟ್ಟಿಗೆಯಲ್ಲೇ ಕೂತಿರಬಹುದು. ಆರಿಸಿದ ಕೂಡಲೇ ಅದು ಏಳು ಕೋಡ್ ಪಾಯಿಂಟ್ ಆಗುತ್ತದೆ. ಮಿತಿಗೆ ಎಂಟು ಅಕ್ಷರ ಮಾತ್ರ ಉಳಿದಿದ್ದರೆ ಕಟ್ಟುನಿಟ್ಟಿನ ತಡೆ ಎಂಟನೆಯ ಇಂಗ್ಲಿಷ್ ಅಕ್ಷರದಲ್ಲೇ ನಿಲ್ಲಿಸುತ್ತದೆ, ಹಿಡಿಸಬಹುದಾಗಿದ್ದ ಪದವನ್ನು ಬರೆಯಲು ಆಗುವುದೇ ಇಲ್ಲ. ಕಟ್ಟುವ ನಡುವೆ ಪಠ್ಯ ಬದಲಿಸಿದರೆ ಅಕ್ಷರ ಎರಡು ಸಲ ಬರುವುದು, ಕರ್ಸರ್ ಜಿಗಿಯುವುದು, ಪದ ಮಾಯವಾಗುವುದು ಎಲ್ಲ ಶುರುವಾಗುತ್ತದೆ.

ಪರಿಹಾರ ಸರಳ. ಎಣಿಕೆ ಪ್ರತಿ ಬದಲಾವಣೆಗೂ ನಡೆಯಲಿ, ಕತ್ತರಿಸುವುದು ಪದ ಕಟ್ಟಿ ಮುಗಿದ ಮೇಲೆ ಮಾತ್ರ. ಐಫೋನಿನಲ್ಲಿ ‘ಮಾರ್ಕ್ಡ್‌ಟೆಕ್ಸ್ಟ್‌ರೇಂಜ್’ ಖಾಲಿ ಇದ್ದಾಗ ಮಾತ್ರ ಕತ್ತರಿಸಿ. ಫ್ಲಟರ್‌ನಲ್ಲಿ ‘ಟ್ರಂಕೇಟ್‌ಆಫ್ಟರ್‌ಕಂಪೊಸಿಷನ್‌ಎಂಡ್ಸ್’ ಇದೇ ಕೆಲಸ ಮಾಡುತ್ತದೆ. ಐಫೋನಿನಲ್ಲಿ ಅದೇ ಪೂರ್ವನಿಯೋಜಿತ, ಆಂಡ್ರಾಯ್ಡ್‌ನಲ್ಲಿ ಅಲ್ಲ, ಆದ್ದರಿಂದ ಬಾಯಿಬಿಟ್ಟು ಹೇಳಿ. ಮಿತಿ ದಾಟಲು ಬಿಡುವ ದಾರಿ ಹಿಡಿದವರಿಗೆ ಈ ಇಡೀ ತಲೆನೋವೇ ಇಲ್ಲ.

## ಕಣ್ಣಿಗೆ ಕಾಣುವ ಅಕ್ಷರವನ್ನೇ ಎಣಿಸಬೇಕೆಂದರೆ

ಕಥೆ, ಪದ್ಯ, ಪದಬಂಧಗಳ ಆ್ಯಪ್‌ಗಳಲ್ಲಿ ‘ಕನ್ನಡ’ ಮೂರೇ ಅಕ್ಷರ ಆಗಬೇಕು. ಅದಕ್ಕೆ ಮೊದಲು ಪಠ್ಯವನ್ನು ಗ್ರಾಫೀಮ್ ಕ್ಲಸ್ಟರ್‌ಗಳಾಗಿ ಒಡೆಯಿರಿ. ಆಂಡ್ರಾಯ್ಡ್‌ನಲ್ಲಿ ‘ಬ್ರೇಕ್‌ಇಟರೇಟರ್’, ಫ್ಲಟರ್‌ನಲ್ಲಿ ‘ಕ್ಯಾರೆಕ್ಟರ್ಸ್’ ಪ್ಯಾಕೇಜ್ ಇದನ್ನು ಮಾಡುತ್ತವೆ. ಬಳಿಕ ಒಂದೊಂದಾಗಿ ಸಾಗುತ್ತ, ಹಿಂದಿನ ತುಂಡು ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿದು ಈಗಿನದು ಕನ್ನಡ ವ್ಯಂಜನದಿಂದ ಶುರುವಾದರೆ ಲೆಕ್ಕ ಏರಿಸಬೇಡಿ. ವ್ಯಂಜನವೆಂದರೆ ಯೂನಿಕೋಡ್ ಸಾಲಿನಲ್ಲಿ ಕ ದಿಂದ ಹ ವರೆಗಿನವು. ಱ ಆ ಸಾಲಿನೊಳಗೇ ಇದೆ, ೞ ಮಾತ್ರ ದೂರದಲ್ಲಿದೆ, ಅದನ್ನು ಬೇರೆಯಾಗಿ ಸೇರಿಸಿ.

‘ರಾಜ್‌ಕುಮಾರ್’ ಎಂಬಂಥ ಪದದಲ್ಲಿ ಜ್ ಮತ್ತು ಕು ಬೇರೆಯಾಗಿ ಕಾಣಲು ನಡುವೆ ಒಂದು ಅದೃಶ್ಯ ತಡೆ ಅಕ್ಷರ ಇರುತ್ತದೆ. ಆ ತುಂಡು ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿಯದೆ ತಡೆಯಲ್ಲಿ ಮುಗಿಯುವುದರಿಂದ ನಿಯಮ ತಾನಾಗಿ ಸರಿಯಾದ ಲೆಕ್ಕ ಕೊಡುತ್ತದೆ: 5. ಅದೇ ಪದ 11 ಕೋಡ್ ಪಾಯಿಂಟ್, 33 ಬೈಟ್. ‘ರ್‍ಯಾಂಕ್’ ಥರದ ಪದಗಳಲ್ಲಿ ಬರುವ ಅದೃಶ್ಯ ಜೋಡಣೆ ಅಕ್ಷರ ಕೆಲವು ಕೀಬೋರ್ಡ್‌ಗಳಲ್ಲಿ ಅರ್ಧಾಕ್ಷರದ ಚಿಹ್ನೆಗೆ ಮೊದಲು, ಕೆಲವುಗಳಲ್ಲಿ ನಂತರ ಬರುತ್ತದೆ. ನಂತರ ಬಂದಾಗ ತುಂಡು ಜೋಡಣೆಯಲ್ಲಿ ಮುಗಿಯುತ್ತದೆ. ಅದನ್ನು ಬಿಟ್ಟು ಅದರ ಹಿಂದಿನ ಚಿಹ್ನೆಯನ್ನು ನೋಡುವಂತೆ ಬರೆಯಿರಿ.

## ಎಸ್‌ಎಂಎಸ್ ಕಳುಹಿಸುವ ಪೆಟ್ಟಿಗೆಯಾದರೆ

ಇಲ್ಲಿ ಮಿತಿ ಒಂದೇ ಇರುವುದಿಲ್ಲ. ಒಂದು ಸಂದೇಶಕ್ಕೆ 140 ಬೈಟ್. ಸರಳ ಇಂಗ್ಲಿಷ್ ಆದರೆ 7 ಬಿಟ್‌ನಂತೆ 160 ಅಕ್ಷರ ಹಿಡಿಯುತ್ತದೆ, ಹಲವು ಭಾಗವಾದರೆ ಭಾಗಕ್ಕೆ 153. ಒಂದೇ ಒಂದು ಕನ್ನಡ ಅಕ್ಷರ ಅಥವಾ ಇಮೋಜಿ ಸೇರಿದರೂ ಸಾಮಾನ್ಯವಾಗಿ ಇಡೀ ಸಂದೇಶ 16 ಬಿಟ್‌ಗೆ ತಿರುಗಿ ಮಿತಿ 70ಕ್ಕೆ ಇಳಿಯುತ್ತದೆ, ಭಾಗವಾದರೆ 67. ಹಾಗಾಗಿ ‘ಇಷ್ಟು ಉಳಿದಿದೆ, ಇದು ಎರಡನೆಯ ಸಂದೇಶ’ ಎಂದು ತೋರಿಸುವುದೇ ಸರಿಯಾದ ಕೌಂಟರ್. ಆಂಡ್ರಾಯ್ಡ್‌ನ ‘ಎಸ್‌ಎಂಎಸ್‌ಮೆಸೇಜ್’ನಲ್ಲಿರುವ ‘ಕ್ಯಾಲ್ಕುಲೇಟ್‌ಲೆಂತ್’ ಸಂದೇಶಗಳ ಸಂಖ್ಯೆ, ಬಳಸಿದ ಯೂನಿಟ್, ಉಳಿದ ಯೂನಿಟ್, ಎನ್‌ಕೋಡಿಂಗ್ ನಾಲ್ಕನ್ನೂ ಕೊಡುತ್ತದೆ.

## ಪರದೆ ಓದಿಸಿಕೊಳ್ಳುವವರಿಗೆ

ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್, ವಾಯ್ಸ್‌ಓವರ್ ಬಳಸುವವರಿಗೆ ಪ್ರತಿ ಕೀಗೂ ‘ನಲವತ್ತೆರಡು ಭಾಗಿಸು ಇನ್ನೂರು’ ಎಂದು ಕೂಗಿದರೆ ತಾವು ಬರೆದದ್ದೇ ಕೇಳಿಸುವುದಿಲ್ಲ. ಕಾಣುವ ಕೌಂಟರನ್ನು ಓದುಗ ತಂತ್ರಾಂಶದಿಂದ ಮರೆಮಾಡಿ, ಹೇಳಲೆಂದೇ ಬೇರೆ ಬರಹ ಇಡಿ. ಟೈಪಿಂಗ್ ಸುಮಾರು ಒಂದು ಸೆಕೆಂಡ್ ನಿಂತ ಮೇಲೆ, ಅದೂ 20 ಉಳಿದಾಗ, 10 ಉಳಿದಾಗ, ಮಿತಿ ಮುಟ್ಟಿದಾಗ, ದಾಟಿದಾಗ ಮಾತ್ರ ‘ಇನ್ನು 20 ಅಕ್ಷರ ಬರೆಯಬಹುದು’ ಎಂದು ಹೇಳಿಸಿ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ‘ಲೈವ್ ರೀಜನ್’ ಅನ್ನು ‘ಪೊಲೈಟ್’ ಮಾಡಬೇಕು, ಐಫೋನಿನಲ್ಲಿ ‘ಅನೌನ್ಸ್‌ಮೆಂಟ್’ ಸೂಚನೆ ಕಳುಹಿಸಬೇಕು. ರಿಯಾಕ್ಟ್ ನೇಟಿವ್‌ನ ‘ಆಕ್ಸೆಸಿಬಿಲಿಟಿಲೈವ್‌ರೀಜನ್’ ಆಂಡ್ರಾಯ್ಡ್‌ಗೆ ಮಾತ್ರ. ಐಫೋನಿಗೆ ‘ಅನೌನ್ಸ್‌ಫಾರ್‌ಆಕ್ಸೆಸಿಬಿಲಿಟಿ’ ಕರೆಯಿರಿ. ಪೆಟ್ಟಿಗೆಗೆ ಬಂದ ಕೂಡಲೇ ಒಟ್ಟು ಮಿತಿ ಎಷ್ಟೆಂದು ಕೇಳಿಸುವಂತೆ ಅದರ ಸುಳಿವಿನಲ್ಲೂ ಬರೆಯಿರಿ.

## ಬಿಡುಗಡೆಗೆ ಮುನ್ನ ಟೈಪ್ ಮಾಡಿ ನೋಡಬೇಕಾದವು

ಆ್ಯಪ್‌ನಲ್ಲೂ ಸರ್ವರಿನಲ್ಲೂ ಒಂದೇ ಪಟ್ಟಿ ಇಟ್ಟು ಎರಡೂ ಕಡೆಯ ಉತ್ತರ ಹೋಲಿಸಿ. ಕೋಡ್ ಪಾಯಿಂಟ್, ಬೈಟ್, ಕಣ್ಣಿನ ಅಕ್ಷರ ಈ ಕ್ರಮದಲ್ಲಿ:

ಕನ್ನಡ: 5, 15, 3.
ವಿಜ್ಞಾನ: 7, 21, 3.
ಮೊಬೈಲ್: 6, 18, 3.
ಸ್ತ್ರೀ: 6, 18, 1.
ರಾಜ್‌ಕುಮಾರ್: 11, 33, 5.
ನಾಲ್ವರ ಕುಟುಂಬದ ಇಮೋಜಿ: 7, 25, 1.

ಆಮೇಲೆ ಕೈಯಿಂದ ಮಾಡಬೇಕಾದ ಪರೀಕ್ಷೆಗಳು. ಮಿತಿಗೆ ಸರಿಯಾಗಿ ಒಂದು ಕಡಿಮೆ, ಸರಿಸಮ, ಒಂದು ಹೆಚ್ಚು ಬರೆದು ಮೂರನ್ನೂ ಕಳುಹಿಸಿ. ಸರ್ವರ್ ಮೂರನೆಯದನ್ನು ಮಾತ್ರ ಬೇಡವೆನ್ನಬೇಕು. ಉದ್ದದ ಪಠ್ಯ ಅಂಟಿಸಿ, ಎಲ್ಲ ಆಯ್ದು ಅಳಿಸಿ, ಹಿಂತೆಗೆದುಕೊಳ್ಳಿ. ಧ್ವನಿಯಿಂದ ಬರೆಸಿ. ತಾನಾಗಿ ತಿದ್ದುವ ಸೌಲಭ್ಯ ಪದ ಬದಲಿಸಿದಾಗ ಸಂಖ್ಯೆ ಜೊತೆಗೇ ಬದಲಾಗುತ್ತದೆಯೇ ನೋಡಿ. ಬರೆಯುವ ನಡುವೆ ಫೋನು ತಿರುಗಿಸಿ, ಬೇರೆ ಆ್ಯಪ್‌ಗೆ ಹೋಗಿ ಬನ್ನಿ. ಫಾಂಟ್ ಗಾತ್ರವನ್ನು ಫೋನಿನ ಸೆಟ್ಟಿಂಗ್‌ನಲ್ಲಿ ಗರಿಷ್ಠಕ್ಕೆ ಏರಿಸಿ. ‘200ಕ್ಕಿಂತ 15 ಹೆಚ್ಚಾಗಿದೆ’ ಎಂಬ ಸಾಲು ಆಗ ಎರಡು ಸಾಲಾಗಿ ಒಡೆಯಬೇಕು, ಅರ್ಧಕ್ಕೆ ಕತ್ತರಿಸಿಹೋಗಬಾರದು.